ಕಂಡಕ್ಟರ್ ಹನುಮಂತರಾಜುವಿನ ಹದಿನಾಲ್ಕು ದಿನ

ಹನುಮಂತರಾಜುವಿನ ತಿಥಿಯ ದಿನ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಅನ್ನಕ್ಕೆ ಸಾರು ಕಲಸುತ್ತಲೇ ತೀರ್ಪು ಕೊಟ್ಟುಬಿಟ್ಟರು. "ಅವನ ಆಯಸ್ಸು ಅಷ್ಟೇ ಇತ್ತು ಬುಡಿ. ಮುಖ ಸೊಟ್ಟಗಾಗಿದ್ದು ಮೂರು ವರ್ಷದ ಹಿಂದೆ. ಟಿಪ್ಪರ್ ಗುದ್ದಿದ್ದು ಮೊನ್ನೆ. ಅದಕ್ಕೂ ಇದಕ್ಕೂ ಎಲ್ಲಿಂದ ಎಲ್ಲಿಗೆ?" ಎದುರು ಸಾಲಿನವರು ಹೌದೆಂದು ತಲೆ ಆಡಿಸಿದರು. ನಾನು ಎಲೆ ಮಡಚಿ ಎದ್ದುಬಿಟ್ಟೆ.

ಎಲ್ಲಿಂದ ಎಲ್ಲಿಗೆ ಎನ್ನುವುದು ನನಗೆ ಗೊತ್ತು. ಅವನು ಬಸ್ಸಿನಿಂದ ಬಿದ್ದ ಬುಧವಾರದಿಂದ ಲೆಕ್ಕ ಹಾಕಿದರೆ ಹದಿನಾಲ್ಕು ದಿನ ನಮ್ಮ ಕೈಯಲ್ಲಿತ್ತು. ಅಷ್ಟರೊಳಗೆ ಆಪರೇಷನ್ ಆಗಿದ್ದರೆ ಅವನ ಎಡಗಣ್ಣು ಮತ್ತೆ ಮುಚ್ಚುವ ಸಾಧ್ಯತೆ ಇತ್ತು. ನಾವು ಮಾಡಿಸಲಿಲ್ಲ. ನಾವು ಅಂದರೆ ಅದರಲ್ಲಿ ನಾನೂ ಸೇರಿದ್ದೇನೆ.

ರಾಜು ನಮ್ಮ ಊರಿನವನು. ನಿಟ್ಟೂರಿನಿಂದ ಒಳಗೆ ಮೂರು ಕಿಲೋಮೀಟರ್. ಹತ್ತನೇ ತರಗತಿಯವರೆಗೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಮಧ್ಯಾಹ್ನ ಅವನ ತಾಯಿ ಪುಟ್ಟತಾಯಮ್ಮ ನನಗೂ ಸೇರಿಸಿ ಮುದ್ದೆ ಕಟ್ಟುತ್ತಿದ್ದರು. ನಾನು ಓದಿಕೊಂಡು ತುಮಕೂರಿನ ಒಂದು ಕಾಲೇಜಿನಲ್ಲಿ ಲೈಬ್ರರಿಯನ್ ಆದೆ. ಅವನು ಖಾಸಗಿ ಬಸ್ಸಿನ ಕಂಡಕ್ಟರ್ ಆದ. ಕುಣಿಗಲ್ಲಿನಿಂದ ಹೊರಟು ತುಮಕೂರು, ಗುಬ್ಬಿ ಹಾದು ನಿಟ್ಟೂರು ಮುಟ್ಟುವ ಬಸ್ಸು. ಹತ್ತೊಂಬತ್ತು ವರ್ಷ ಅದೇ ದಾರಿ.

ಆ ಬಸ್ಸಿಗೆ ಹತ್ತಿದವರು ಊರ ಹೆಸರು ಹೇಳಬೇಕಾಗಿರಲಿಲ್ಲ. ಮುಖ ನೋಡಿಯೇ ಟಿಕೆಟ್ ಹರಿಯುತ್ತಿದ್ದ. ಯಾರ ಮಗಳಿಗೆ ಹೆರಿಗೆ ಆಯಿತು, ಯಾರು ಸೊಸೈಟಿ ಚುನಾವಣೆಯಲ್ಲಿ ಸೋತರು, ಯಾರ ಮಗ ಪಿಯುಸಿಯಲ್ಲಿ ಎರಡನೇ ಸಲ ಕೂತ, ಎಲ್ಲ ಅವನಿಗೆ ಗೊತ್ತು. ಒಂದು ದಿನ ನಾನೇ ಕೇಳಿಸಿಕೊಂಡದ್ದು. ಹೆಬ್ಬೂರಿನಲ್ಲಿ ಹತ್ತಿದ ಒಬ್ಬ ದಪ್ಪನೆಯ ಯಜಮಾನರು ಇಬ್ಬರು ಕೂರುವ ಸೀಟಿನಲ್ಲಿ ಒಬ್ಬರೇ ಹರಡಿಕೊಂಡು ಕೂತಿದ್ದರು.

"ಏನ್ ಗೌಡ್ರೆ, ಟಿಕೆಟ್ಟು ಒಂದಾ, ಒಂದೂವರೆನಾ?"

"ನಾನೊಬ್ನೇ ಕಣಯ್ಯಾ. ಮಗೀನ ಎಲ್ ಕಂಡೆ?"

"ಮುಂದ್ಗಡೆ ತೊಡೆ ಮ್ಯಾಲೆ ಕೂರಿಸ್ಕಂಡಿದೀರಲ್ಲ."

ಗೌಡರು ತಮ್ಮ ಹೊಟ್ಟೆ ನೋಡಿಕೊಂಡು ತಾವೇ ಮೊದಲು ನಕ್ಕರು, ಸರಿದು ಜಾಗ ಬಿಟ್ಟರು. ಬೇರೆ ಕಂಡಕ್ಟರ್ ಆಗಿದ್ದರೆ ಅಲ್ಲಿ ಜಗಳ ಆಗುತ್ತಿತ್ತು. ರಾಜುವಿನ ಕೆಲಸವೆಲ್ಲ ನಡೆಯುತ್ತಿದ್ದುದು ಅವನ ಮುಖದಿಂದ. ಹುಬ್ಬು ಹಾರಿಸಿ ಹುಡುಗರನ್ನು ಫುಟ್‌ಬೋರ್ಡಿನಿಂದ ಒಳಗೆ ಕಳಿಸುತ್ತಿದ್ದ, ಕಣ್ಣು ಮಿಟುಕಿಸಿ ಮುದುಕಿಯರನ್ನು ನಗಿಸುತ್ತಿದ್ದ, ಸೀಟಿ ಊದಿ ಬಸ್ಸು ನಿಲ್ಲಿಸುತ್ತಿದ್ದ.

ಆ ಬಸ್ಸಿನ ಹಿಂದಿನ ಬಾಗಿಲನ್ನು ಮಾಲೀಕರು ಬಿಚ್ಚಿಸಿಟ್ಟಿದ್ದರು. ಬಾಗಿಲು ಇದ್ದರೆ ಜನ ಹತ್ತಿ ಇಳಿಯುವುದು ತಡವಾಗುತ್ತದೆ, ಹಿಂದೆ ಬರುವ ಬಸ್ಸಿನವನು ಮುಂದೆ ಹೋಗುತ್ತಾನೆ ಎಂಬ ಕಾರಣಕ್ಕೆ. ಕುಣಿಗಲ್ ರಸ್ತೆಯಲ್ಲಿ ಯಾರೋ ಹೊಸದಾಗಿ ಒಂದು ಹಂಪ್ ಹಾಕಿದ್ದರು. ಬಣ್ಣವಿಲ್ಲ, ಬೋರ್ಡ್ ಇಲ್ಲ. ಬುಧವಾರ ಬೆಳಿಗ್ಗೆ ಡ್ರೈವರ್ ಅದನ್ನು ಕೊನೇ ಗಳಿಗೆಯಲ್ಲಿ ನೋಡಿ ಬ್ರೇಕ್ ಒತ್ತಿದ. ಬಾಗಿಲಿಲ್ಲದ ಬಾಗಿಲಿನಲ್ಲಿ ನಿಂತಿದ್ದ ರಾಜು ರಸ್ತೆಬದಿಯ ಕಲ್ಲಿನ ಮೇಲೆ ಬಿದ್ದ. ಎಡಕಿವಿಯ ಹಿಂದೆ ಪೆಟ್ಟು. ಕಿವಿಯೊಳಗಿನಿಂದ ರಕ್ತ.

ತುಮಕೂರಿನ ಒಂದು ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಸ್ಕ್ಯಾನ್ ಮಾಡಿ, ಮೂಳೆಯಲ್ಲಿ ಸಣ್ಣ ಬಿರುಕು ಇದೆ, ಮೆದುಳಿಗೆ ಏನೂ ಆಗಿಲ್ಲ ಅಂದರು. ರಾಜುವಿನ ಹೆಂಡತಿ ಸಂಧ್ಯಾ ಡ್ಯೂಟಿ ಡಾಕ್ಟರಿಗೆ ಎರಡು ಸಲ ಹೇಳಿದಳು, ಮುಖ ಒಂದು ಕಡೆ ಎಳೆದುಕೊಂಡಿದೆ, ಕಣ್ಣು ಮುಚ್ಚುತ್ತಿಲ್ಲ ಎಂದು. ಊತ ಇದೆಯಮ್ಮ, ಇಳಿದ ಮೇಲೆ ಸರಿಹೋಗುತ್ತೆ ಎಂದು ಎರಡು ಸಲವೂ ಅದೇ ಉತ್ತರ. ಶನಿವಾರ ಮನೆಗೆ ಕಳಿಸಿದರು. ಆ ಡಿಸ್ಚಾರ್ಜ್ ಚೀಟಿಯನ್ನು ಆಮೇಲೆ ನಾನೇ ಓದಿದೆ. ಅದರಲ್ಲಿ ಮುಖದ ಬಗ್ಗೆ ಒಂದು ಶಬ್ದವೂ ಇಲ್ಲ. ರೋಗಿಯ ಸ್ಥಿತಿ ತೃಪ್ತಿಕರ ಎಂದಿದೆ. ಯಾರಿಗೆ ತೃಪ್ತಿಯಾಯಿತೋ.

ಭಾನುವಾರ ನಾನು ಊರಿಗೆ ಹೋದೆ. ಜಗಲಿಯ ಮೇಲೆ ಕೂತಿದ್ದ. ಎಡಗಡೆಯ ಹಣೆಯಲ್ಲಿ ಒಂದು ಗೆರೆಯೂ ಇಲ್ಲ, ಇಸ್ತ್ರಿ ಮಾಡಿದ ಹಾಗೆ. ಬಾಯಿ ಬಲಕ್ಕೆ ಜಗ್ಗಿತ್ತು. ಎಡಗಣ್ಣು ಬಿಟ್ಟದ್ದು ಬಿಟ್ಟಂತೆ ಇತ್ತು, ಕೆಂಪಾಗಿ, ನೀರು ಸುರಿಸುತ್ತ. ಕಾಫಿ ಕುಡಿದರೆ ಬಾಯಿಯ ತುದಿಯಿಂದ ಸೋರುತ್ತಿತ್ತು. ತುಟಿ ಕೂಡದೆ ಮಾತಿನ ನಡುವೆ ಗಾಳಿ ಹೋಗುತ್ತಿತ್ತು.

"ನೋಡ್ಲಾ ನಾಗೇಶ, ಈ ಕಡೆ ಡ್ಯೂಟಿ ಆಫು," ಅಂದ.

ನೋಡಲು ಬಂದವರೆಲ್ಲ ಲಕ್ವ ಹೊಡೆದಿದೆ ಎಂದೇ ಹೇಳಿ ಹೋಗುತ್ತಿದ್ದರು. ಲಕ್ವಕ್ಕೆ ಯಾವ ಊರಿನ ಎಣ್ಣೆ ಒಳ್ಳೆಯದು, ಎಷ್ಟು ದಿನ ಪಥ್ಯ, ಬದನೆಕಾಯಿ ತಿನ್ನಬಹುದೋ ಬಾರದೋ ಎಂಬ ಚರ್ಚೆ ನಡೆಯುತ್ತಿತ್ತು. ಬಿದ್ದು ತಲೆ ಒಡೆದುಕೊಂಡವನಿಗೆ ಲಕ್ವ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಸೋಮವಾರ ನಾನು, ಸಂಧ್ಯಾ ಸೇರಿ ಅವನನ್ನು ತುಮಕೂರಿನ ಕಿವಿ ಮೂಗು ಗಂಟಲು ತಜ್ಞೆ ಕೃತಿಕಾ ಅವರ ಹತ್ತಿರ ಕರೆದುಕೊಂಡು ಹೋದೆವು. ಮೂವತ್ತೈದು ದಾಟದ ಹೆಂಗಸು. ಅವರು ಕೇಳಿದ ಮೊದಲ ಪ್ರಶ್ನೆ: "ಬಿದ್ದ ತಕ್ಷಣ ಹೀಗಾಯ್ತಾ, ಒಂದೆರಡು ದಿನ ಬಿಟ್ಟು ಆಯ್ತಾ?"

"ಎತ್ತಿ ಕೂರಿಸ್ದಾಗ್ಲೇ ಹಿಂಗಿತ್ತಂತೆ ಮೇಡಂ. ಡ್ರೈವರ್ ನೋಡವ್ರೆ," ಅಂದಳು ಸಂಧ್ಯಾ.

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಆಮೇಲೆ ಒಂದು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಮುಖವನ್ನು ಆಡಿಸುವ ನರ ಕಿವಿಯ ಹಿಂದಿನ ಮೂಳೆಯೊಳಗೆ ಒಂದು ಕಿರಿದಾದ ಕೊಳವೆಯಲ್ಲಿ ಹಾದುಬರುತ್ತದೆ. ಬಿರುಕು ಬಿಟ್ಟಿರುವುದು ಅದೇ ಮೂಳೆ. ಪೆಟ್ಟು ಬಿದ್ದು ಎರಡು ಮೂರು ದಿನದ ಮೇಲೆ ಮುಖ ಸೊಟ್ಟಗಾಗಿದ್ದರೆ ಅದು ಊತ, ಹೆಚ್ಚಿನವರಿಗೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಬಿದ್ದ ಗಳಿಗೆಯಲ್ಲೇ ಪೂರ್ತಿ ಹೋಗಿದ್ದರೆ ನರ ಜಜ್ಜಿರಬಹುದು, ಮೂಳೆಯ ಚೂರು ಚುಚ್ಚಿರಬಹುದು, ತುಂಡೂ ಆಗಿರಬಹುದು. ನರ ಎಷ್ಟು ಸತ್ತಿದೆ ಎಂದು ಪರೀಕ್ಷೆ ಮಾಡಬೇಕು. ಬಹಳ ಹೋಗಿದ್ದರೆ ಮೂಳೆ ಕೊರೆದು ನರವನ್ನು ಬಿಡಿಸಬೇಕು. ಬಿದ್ದು ಎರಡು ವಾರದೊಳಗೆ ಆದರೆ ಒಳ್ಳೆಯದು, ತಡವಾದಷ್ಟೂ ಫಲ ಕಡಿಮೆ.

"ಬಾಯಿ ಸೊಟ್ಟ ಇದ್ರೆ ಬದುಕಬಹುದು ರಾಜು ಅವರೇ," ಅಂದರು ಡಾಕ್ಟರ್. "ಕಣ್ಣು ಮುಚ್ಚದೇ ಇದ್ರೆ ಒಣಗುತ್ತೆ, ಧೂಳು ಕೂತು ಹುಣ್ಣಾಗುತ್ತೆ, ಆಮೇಲೆ ಕಣ್ಣೇ ಹೋಗುತ್ತೆ. ನನಗೆ ಮೊದಲು ಬೇಕಿರೋದು ನಿಮ್ಮ ಕಣ್ಣು." ಗಂಟೆಗೊಮ್ಮೆ ಹಾಕಲು ಡ್ರಾಪ್ಸ್, ಮಲಗುವಾಗ ಮುಲಾಮು ಹಚ್ಚಿ ರೆಪ್ಪೆಯ ಮೇಲೆ ಅಂಟಿಸಲು ಟೇಪು ಬರೆದುಕೊಟ್ಟರು.

ಗುರುವಾರ ಪರೀಕ್ಷೆ ಆಯಿತು. ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ನರ ಸ್ಪಂದಿಸುತ್ತಿರಲಿಲ್ಲ. ಕೃತಿಕಾ ನಮ್ಮ ಎದುರಿಗೇ ಬೆಂಗಳೂರಿನ ಸರ್ಜನ್ ಒಬ್ಬರಿಗೆ ಫೋನ್ ಮಾಡಿದರು, ಸೋಮವಾರಕ್ಕೆ ದಿನ ಗೊತ್ತಾಯಿತು. ಅಂದರೆ ಹನ್ನೆರಡನೇ ದಿನ. ಅಪಾಯವನ್ನೂ ಅವರು ಮುಚ್ಚಿಡಲಿಲ್ಲ. ಎಡಕಿವಿ ಕೇಳಿಸದೇ ಹೋಗಬಹುದು, ಪೆಟ್ಟು ಎಲ್ಲಿದೆ ಎನ್ನುವುದರ ಮೇಲೆ ತಲೆಬುರುಡೆಯ ಪಕ್ಕ ತೆರೆಯಬೇಕಾಗಬಹುದು, ಮುಖ ಪೂರ್ತಿ ಮೊದಲಿನ ಹಾಗೆ ಆಗುತ್ತದೆ ಎಂಬ ಭರವಸೆ ಯಾರೂ ಕೊಡಲಾರರು.

"ಒಂದ್ ಕಿವಿ ಹೋದ್ರೆ ಒಳ್ಳೇದೇ ಮೇಡಂ. ಬಸ್ಸಲ್ಲಿ ಅರ್ಧ ಗಲಾಟೆ ಕಮ್ಮಿ," ಅಂದ ರಾಜು. ನಾವೆಲ್ಲ ನಕ್ಕೆವು. ಡಾಕ್ಟರೂ ನಕ್ಕರು.

ಶುಕ್ರವಾರ ಪುಟ್ಟತಾಯಮ್ಮ ಅಮ್ಮನವರ ಹತ್ತಿರ ಹೂವು ಕೇಳಬೇಕು ಅಂದರು. ನಮ್ಮ ಕಡೆ ಬೋರ್‌ವೆಲ್ ತೋಡಿಸುವುದಕ್ಕೂ ಹೆಣ್ಣು ಕೊಡುವುದಕ್ಕೂ ಹೂವು ಕೇಳದೆ ಹೆಜ್ಜೆ ಇಡುವುದಿಲ್ಲ. ಕೆರೆ ಏರಿಯ ಕೆಳಗಿನ ಗುಡಿಯಲ್ಲಿ ಪೂಜಾರಿ ದ್ಯಾವಪ್ಪ ಒದ್ದೆ ಹೂವಿನ ಎಸಳುಗಳನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾರೆ. ಕೇಳುವವರು ಕೈ ಮುಗಿದು ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ವಾರದಲ್ಲಿ ಮಂಗಳವಾರ, ಶುಕ್ರವಾರ ಎರಡೇ ದಿನ. ತಾಯಿ ಮಗ ಇಬ್ಬರೂ ಕೈ ಮುಗಿದು ನಿಂತರು. ನಾನು ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದೆ. ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಎಡಗಡೆಯ ಎಸಳು ಜಾರಿತು.

"ಅವ್ವ, ಸೋಮವಾರ ಬೆಡ್ ಕೊಟ್ಟವ್ರೆ," ಅಂದೆ.

"ಅಮ್ಮ ಬ್ಯಾಡ ಅಂದ್ಮ್ಯಾಲೆ ತಲೆ ಕೊರಿಸಕಾಯ್ತದ ನಾಗೇಶಪ್ಪ? ಮಂಗಳವಾರ ಇನ್ನೊಂದ್ಸಲ ಕೇಳಾಣ. ನಾಕು ದಿನದಲ್ಲಿ ಏನಾಯ್ತದೆ?"

ನಾಲ್ಕು ದಿನದಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಡಾಕ್ಟರ್ ಬರೆದ ಚಿತ್ರ ನನ್ನ ಜೇಬಿನಲ್ಲಿತ್ತು. ಪುಟ್ಟತಾಯಮ್ಮನ ಮುಂದೆ ಅದನ್ನು ಬಿಚ್ಚಿ, ಸೋಮವಾರ ಕರೆದುಕೊಂಡೇ ಹೋಗುತ್ತೇನೆ ಎಂದು ಗಟ್ಟಿಯಾಗಿ ಹೇಳಬೇಕಿತ್ತು. ಆ ಕೈಯಿಂದ ಉಂಡವನು ನಾನು, ಆ ಗುಡಿಯ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ. ರಾಜುವಿನ ಮುಖ ನೋಡಿದೆ. ಅವನೇ ಒಂದು ಮಾತು ಹೇಳಲಿ ಎಂದು ಕಾದೆ. ಅವನು ನೆಲ ನೋಡುತ್ತಿದ್ದ.

ಸೋಮವಾರ ಹೋಯಿತು. ಮಂಗಳವಾರ, ಹದಿಮೂರನೇ ದಿನ, ಮತ್ತೆ ಎಡಗಡೆಯದೇ ಬಿತ್ತು. ಕೃತಿಕಾ ಅವರಿಗೆ ಫೋನ್ ಮಾಡಿ ತಿಳಿಸಿದೆ. "ಅವರ ತಾಯಿಗೆ ಓದು ಬರಲ್ಲ. ಸರಿ," ಅಂದರು. "ನೀವು ಲೈಬ್ರರಿಯನ್ ತಾನೇ ಸಾರ್?"

ಆಮೇಲೆ ಎಣ್ಣೆ, ಪಥ್ಯ, ನಲವತ್ತೆಂಟು ದಿನ. ಮುಖ ಹಾಗೇ ಉಳಿಯಿತು. ಬಸ್ಸಿನ ಮಾಲೀಕರು ಒಂದು ತಿಂಗಳು ಕಾದು, ಲೇಡೀಸು ಮಕ್ಕಳು ಹತ್ತೋ ಗಾಡಿ, ಆ ಕಣ್ಣು ನೋಡಿದ್ರೆ ಹೆದರ್ತಾರೆ ಎಂದು ಹೇಳಿ ಕೆಲಸದಿಂದ ತೆಗೆದರು. ಬಾಗಿಲು ಬಿಚ್ಚಿಸಿದವರು ಯಾರು ಎಂದು ಅವರನ್ನು ಕೇಳಲು ನಾನು ಅವರ ಮನೆಗೇ ಹೋದೆ. ಕಾಫಿ ಕೊಟ್ಟರು. ಆ ಮಾತು ಬಿಟ್ಟು ಬೇರೆಲ್ಲ ಮಾತಾಡಿದರು. ಬಸ್ಸಿಗೆ ಇವತ್ತಿಗೂ ಬಾಗಿಲಿಲ್ಲ.

ರಾಜು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟರ್ ಕೆಳಗೆ ಮೂಟೆ ಹೊಲಿಯುವ ಕೆಲಸಕ್ಕೆ ಸೇರಿದ. ಗೇಟಿನಲ್ಲಿ ಹಾಜರಿಗೆ ಮುಖ ತೋರಿಸುವ ಮಿಷನ್. ಅದು ಮುಖ ಹಿಡಿದ ಮೇಲೆ ಕಣ್ಣು ಮಿಟುಕಿಸಿ ಎಂದು ಹೇಳುತ್ತದೆ, ಎದುರಿಗೆ ಇರುವುದು ಫೋಟೋ ಅಲ್ಲ, ಬದುಕಿರುವ ಮನುಷ್ಯ ಎಂದು ಖಾತ್ರಿ ಮಾಡಿಕೊಳ್ಳಲು. ರಾಜು ಒಂದೇ ಕಣ್ಣು ಮಿಟುಕಿಸುತ್ತಿದ್ದ. ಮಿಷನ್ ಒಪ್ಪುತ್ತಿರಲಿಲ್ಲ. ಎಡರೆಪ್ಪೆಯನ್ನು ಬೆರಳಿನಿಂದ ಎಳೆದು ಮುಚ್ಚಿದರೆ ಮುಖಕ್ಕೆ ಕೈ ಅಡ್ಡ ಬಂದಿದೆ ಎನ್ನುತ್ತಿತ್ತು. ಹಿಂದೆ ಸಾಲು ಬೆಳೆಯುತ್ತಿತ್ತು.

"ನಾನ್ ಬದುಕಿದೀನಿ ಅಂತ ಅದಕ್ಕೆ ನಂಬಿಕೇನೇ ಬರಲ್ಲ ಕಣ್ಲಾ. ಸೆಕ್ಯೂರಿಟಿಯವ್ನು ಬಂದು ಸಾಕ್ಷಿ ಹೇಳ್ಬೇಕು," ಎಂದು ನಗುತ್ತ ಹೇಳಿದ್ದ. ಆಗಲೂ ನಾನು ನಕ್ಕೆ. ಈಗ ಆ ನಗುವಿನ ಮೇಲೆ ನನಗೆ ಸಿಟ್ಟು ಬರುತ್ತದೆ, ಅವನದರ ಮೇಲೂ, ನನ್ನದರ ಮೇಲೂ.

ಕಣ್ಣಿನ ರೆಪ್ಪೆಯೊಳಗೆ ಒಂದು ಸಣ್ಣ ತೂಕ ಕೂರಿಸಿದರೆ ಅದರ ಭಾರಕ್ಕೆ ರೆಪ್ಪೆ ತಾನೇ ಇಳಿಯುತ್ತದೆ, ನರ ಸರಿಹೋಗದಿದ್ದರೂ ಕಣ್ಣು ಉಳಿಯುತ್ತದೆ ಎಂದು ಕೃತಿಕಾ ಹೇಳಿ ಕಳಿಸಿದ್ದರು. ಅವನು ನೋಡೋಣ ನೋಡೋಣ ಎಂದು ಮುಂದೂಡಿದ. ಗಂಟೆಗೊಮ್ಮೆ ಹಾಕಬೇಕಾದ ಡ್ರಾಪ್ಸ್ ಲಾಕರಿನಲ್ಲಿ. ಊಟದ ಬಿಡುವಿನ ಹೊರತು ಲಾಕರಿಗೆ ಹೋಗುವಂತಿಲ್ಲ. ಸೂಪರ್‌ವೈಸರ್ ಹತ್ತಿರ ಒಂದು ಸಲ ಕೇಳಿದನಂತೆ. ಎಲ್ರಿಗೂ ಕಣ್ಣಿಗೆ ಧೂಳು ಬೀಳ್ತದೆ ಕಣಯ್ಯ, ನಿನಗೊಬ್ಬನಿಗೇನು ಎಂದನಂತೆ. ಎಲ್ಲರಿಗೂ ಬೀಳುತ್ತದೆ, ನಿಜ. ಎಲ್ಲರ ರೆಪ್ಪೆ ಅದನ್ನು ಒರೆಸುತ್ತದೆ. ಎಂಟನೇ ತಿಂಗಳಲ್ಲಿ ಕಣ್ಣಿನ ಕಪ್ಪಿನ ಮೇಲೆ ಹುಣ್ಣಾಯಿತು. ಎರಡು ದಿನ ತಡೆದುಕೊಂಡು ಮೂರನೇ ದಿನ ಆಸ್ಪತ್ರೆಗೆ ಹೋದ. ಹುಣ್ಣು ಮಾಯಿತು. ನೋಟ ಹೋಯಿತು.

ಆ ವರ್ಷ ಬೇಸಿಗೆಯಲ್ಲಿ ಗುಬ್ಬಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕಬ್ಬಿನಹಾಲು ಕುಡಿಯುತ್ತ ಕೂತಿದ್ದೆವು. ನಾನು ಏನೋ ಮಾತಿಗೆ ಅವನ ತಾಯಿಯನ್ನು ಬೈದೆ. ಆ ಹೂವಿನ ಹುಚ್ಚು ಇಲ್ಲದಿದ್ದರೆ ಎಂದೆ.

"ಅವ್ವನ್ ಯಾಕ್ ಬಯ್ತೀಯಾ," ಅಂದ. ಲೋಟ ಕೆಳಗಿಟ್ಟ. "ಎಡಕ್ಕೆ ಕೊಡು ಅಂತ ನಾನೇ ಕೇಳ್ಕಂಡಿದ್ದು."

ನನಗೆ ಅರ್ಥವಾಗಲಿಲ್ಲ.

"ಅವ್ವ ಬಲಕ್ಕೆ ಕೊಡು ಅಂತ್ಲೇ ಕೇಳ್ಕಂಡ್ಲು. ಪಕ್ಕದಲ್ಲಿ ನಿಂತ್ಕಂಡು ನಾನು, ಅಮ್ಮ ತಾಯೇ ಎಡಕ್ಕೆ ಕೊಡು ಅಂದೆ. ಎರಡ್ ಸಲಾನೂವೆ. ತಲೆ ಕೊರೀತಾರೆ ಅಂದ್ರಲ್ಲ ಮೇಡಂ, ಅವತ್ತಿಂದ ನಂಗೆ ನಿದ್ದೆ ಇರ್ಲಿಲ್ಲ ಕಣ್ಲಾ. ಟೇಬಲ್ ಮ್ಯಾಲೆ ಹೋಗ್ಬುಟ್ರೆ? ಮಗಳಿನ್ನೂ ನಾಕ್ನೇ ಕ್ಲಾಸು."

"ಹೆದ್ರಿಕೆ ಆಗ್ತದೆ ಅಂತ ಒಂದ್ ಮಾತು ಹೇಳಕಾಗ್ಲಿಲ್ವಾ ನಿಂಗೆ?"

"ಯಾರಿಗ್ ಹೇಳ್ಲಿ? ನಾನೇ ಎಲ್ಲರ್ನೂ ನಗಿಸ್ತಾ ಕೂತಿದ್ದೆ."

ಅಂದು ನಾನು ಅವನನ್ನು ಬೆಂಚಿನ ಮೇಲೇ ಬಿಟ್ಟು ಬಸ್ಸು ಹತ್ತಿ ಬಂದೆ. ಒಂದು ತಿಂಗಳು ಫೋನ್ ಮಾಡಲಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನಗೆ ಆಗುವುದಿಲ್ಲ. ಡಾಕ್ಟರನ್ನು ಕೇಳಿದ್ದರೆ ಅವರು ಎದುರು ಕೂತು ಅವನ ಹೆದರಿಕೆಗೆ ಉತ್ತರ ಹೇಳುತ್ತಿದ್ದರು. ಅಂಥ ಆಪರೇಷನ್ ಮಾಡಿಸಿಕೊಂಡ ಒಬ್ಬನನ್ನಾದರೂ ಕರೆದು ತೋರಿಸುತ್ತಿದ್ದರು. ಇವನು ಹೆದರಿಕೆಯನ್ನು ಒದ್ದೆ ಎಸಳಿನ ಕೆಳಗೆ ಬಚ್ಚಿಟ್ಟ. ಅಮ್ಮನ ಹೆಸರಿನಲ್ಲಿ, ಅವ್ವನ ಹೆಸರಿನಲ್ಲಿ ತಾನು ತಪ್ಪಿಸಿಕೊಂಡ. ಎಸಳು ಒದ್ದೆ ಆರಿದಾಗ ಬೀಳುತ್ತದೆ. ಇಷ್ಟು ಗೊತ್ತಿದ್ದ ನಾನು ಚಪ್ಪಲಿ ಕಾಯುತ್ತ ನಿಂತಿದ್ದೆ.

ಮೊನ್ನೆ ಅವನು ಮೊಪೆಡ್ಡಿನಲ್ಲಿ ಗುಬ್ಬಿಯ ಹೊರಗೆ ಅಡ್ಡರಸ್ತೆಯಿಂದ ಹೆದ್ದಾರಿಗೆ ಬಂದ. ಬಲಗಡೆ ನೋಡಿದ. ಅತ್ತ ಖಾಲಿ ಇತ್ತು. ರಸ್ತೆಯ ಮಧ್ಯ ದಾಟುವಾಗ ಎಡಗಡೆಯಿಂದ ಟಿಪ್ಪರ್ ಬಂತು. ಅಂಗಡಿಯವರು ಕೂಗಿದರಂತೆ. ಎಡಕ್ಕೆ ತಿರುಗಿಯೂ ನೋಡಲಿಲ್ಲ ಸಾರ್, ಏನೋ ಯೋಚನೆಯಲ್ಲಿದ್ದ ಅನ್ಸುತ್ತೆ ಎಂದರು. ಮಹಜರಿನಲ್ಲಿ ಸವಾರನ ಅಜಾಗರೂಕತೆ ಎಂದು ಬರೆದಿದ್ದಾರೆ. ಅವನಿಗೆ ಆ ಕಡೆ ಕಣ್ಣೇ ಇರಲಿಲ್ಲ ಎಂದು ಹೇಳಿಕೆ ಕೊಡಲು ನಾನು ಠಾಣೆಗೆ ಹೋದೆ. "ಹಂಗಿದ್ಮೇಲೆ ಗಾಡಿ ಯಾಕ್ ಓಡಿಸ್ದ?" ಎಂದರು ರೈಟರ್. ಪ್ರಶ್ನೆ ಸರಿಯಾಗಿಯೇ ಇತ್ತು. ಅದಕ್ಕೆ ಇನ್ನೂ ಸಿಟ್ಟು ಬಂತು.

ತಿಥಿ ಕಳೆದು ಒಂದು ವಾರಕ್ಕೆ, ಠಾಣೆಯಲ್ಲಿ ತೋರಿಸಲು ಅವನ ಆಸ್ಪತ್ರೆಯ ಕಾಗದಗಳನ್ನು ತರಲು ಊರಿಗೆ ಹೋದೆ. ಪುಟ್ಟತಾಯಮ್ಮ ಹಿತ್ತಲಿನಲ್ಲಿ ಹುರುಳಿಕಾಳು ಕೇರುತ್ತಿದ್ದರು. ನನ್ನನ್ನು ನೋಡಿ ಮೊರ ಕೆಳಗಿಟ್ಟರು.

"ಒಂದ್ ಮಾತು ಕೇಳ್ತೀನಿ, ಸುಳ್ ಹೇಳ್ಬ್ಯಾಡ. ಅವತ್ತು ನಾನು ಬ್ಯಾಡ ಅಂದಿಲ್ದಿದ್ರೆ ನನ್ ಮಗ ಇರ್ತಿದ್ನಾ?"

ಮೂರು ವರ್ಷದಿಂದ ಆ ಮುದುಕಿ ಆ ಹೂವಿನ ತಪ್ಪನ್ನು ಹೊತ್ತು ತಿರುಗುತ್ತಿದ್ದಾರೆ, ಅದು ಅವರ ಹೊರೆಯಲ್ಲ ಎಂದು ಹೇಳಿ ಇಳಿಸಬಹುದು ಎಂದುಕೊಂಡೆ. ಗುಬ್ಬಿಯ ಬೆಂಚಿನ ಮೇಲೆ ಅವನು ಹೇಳಿದ್ದನ್ನು ಹೇಳಿದೆ. ಅವನೇ ಎಡಕ್ಕೆ ಕೇಳಿಕೊಂಡ, ಹೆದರಿದ್ದ, ನಿಮ್ಮದೇನೂ ಇಲ್ಲ ಅವ್ವ ಎಂದೆ.

ಅವರು ಮೊರವನ್ನು ಪಕ್ಕಕ್ಕೆ ತಳ್ಳಿ ಎದ್ದು ನಿಂತರು.

"ಸತ್ತೋನು ಬಂದು ಕೇಳಲ್ಲ ಅಂತ ಅವನ ತಲೆಗೇ ಕಟ್ತೀಯಾ? ನನ್ ಮಗನಿಗೆ ಹೆದ್ರಿಕೆ ಅನ್ನೋದೇ ಇರ್ಲಿಲ್ಲ. ಓಡೋ ಬಸ್ಸಿಂದ ಟಾಪ್ ಹತ್ತೋನು. ನಾನ್ ಕೇಳ್ದೆ, ನಾನ್ ಬ್ಯಾಡಂದೆ, ನಾನ್ ಕೊಂದೆ. ಅದನ್ನೂ ನನ್ನಿಂದ ಕಿತ್ಕಳಕೆ ಬಂದಿದೀಯಾ? ಇನ್ನೊಂದ್ಸಲ ಆ ಮಾತಾಡೋ ಹಂಗಿದ್ರೆ ಈ ಮನೆ ಕಡೆ ತಲೆ ಹಾಕ್ಬ್ಯಾಡ."

ನಾನು ಕಾಗದಗಳಿದ್ದ ಚೀಲ ತೆಗೆದುಕೊಂಡು ಹೊರಟೆ. ಬಚ್ಚಲ ಬಾಗಿಲ ಹಿಂದೆ ಸಂಧ್ಯಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬೀದಿಯವರೆಗೆ ಹಿಂದೆ ಬಂದಳು.

"ನಿಜವಾ ನಾಗೇಶಣ್ಣ?"

ಹೌದೆಂದೆ.

"ಟೇಪು ಅಂಟಿಸ್ತಿದ್ದೋಳು ನಾನು," ಅಂದಳು. "ದಿನಾ ರಾತ್ರಿ ಮುಖದ ಹತ್ರ ಮುಖ ಇಟ್ಕಂಡು ಅಂಟಿಸ್ತಿದ್ದೆ. ಹೆದ್ರಿಕೆ ಅಂತ ನಂಗೊಂದ್ ಮಾತು ಅಂದಿದ್ರೆ ಕೈ ಹಿಡ್ಕಂಡು ನಾನೇ ಎಳ್ಕಂಡೋಗ್ತಿದ್ದೆ. ನಿಮಗೂ ಎರಡು ವರ್ಷದಿಂದ ಗೊತ್ತು. ನೀವೂ ಹೇಳ್ಲಿಲ್ಲ."

ಅವಳು ಕೈ ಚಾಚಿ ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

"ಠಾಣೆಗೆ ನಾನೇ ಹೋಗ್ತೀನಿ ಬುಡಿ," ಅಂದಳು.